ಅಮೀರ್‌ಬಾಯಿಯ ದನಿ ಮತ್ತು ಲಾಭದ ಲೆಕ್ಕ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಿಂದ ಕೃಷ್ಣೆಯ ಹರಿವಿನೊಡನೆ ಪೂರ್ವಕ್ಕೆ ಸಾಗಿದರೆ ಬೀಳಗಿ ಸೀಮೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯವರ ಬದುಕನ್ನು ಸಂಗೀತ ಚರಿತ್ರೆಯ ಅಧ್ಯಾಯವಾಗಿ ಓದುವುದು ವಾಡಿಕೆ. ಅದನ್ನು ಜಮಾಖರ್ಚಿನ ಪುಸ್ತಕವಾಗಿಯೂ ಓದಬಹುದು. ಮನರಂಜನೆಯ ಉದ್ಯಮದಲ್ಲಿ ಹಣ ಎಲ್ಲಿ ಹೂಡಿಕೆಯಾಗುತ್ತದೆ, ಲಾಭ ಯಾರ ಕೈ ಸೇರುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನಲ್ಲಿ ವಿರಳ.

ತಾಯಿ ಅಮೀನಾಬಾಯಿ, ತಂದೆ ಹುಸೇನ್‌ಖಾನ್. ಕಲಾವಿದರ ಕುಟುಂಬ. ಐವರು ಸಹೋದರಿಯರ ಪೈಕಿ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ ಇಬ್ಬರೂ ಗಾಯನ ಮತ್ತು ಅಭಿನಯದಲ್ಲಿ ಹೆಸರು ಮಾಡಿದರು. ಅಮೀರ್‌ಬಾಯಿ ಮುಂಬಯಿಗೆ ತೆರಳಿ, ಗ್ರಾಮಫೋನ್ ತಟ್ಟೆಗಳ ಮೂಲಕ ಪರಿಚಿತರಾಗಿ, 1934ರ ‘ವಿಷ್ಣುಭಕ್ತಿ’ ಚಿತ್ರದಿಂದ ಬೆಳ್ಳಿತೆರೆ ಪ್ರವೇಶಿಸಿದರು. ಮೊದಲ ಕೆಲವು ವರ್ಷ ನಟಿಯಾಗಿ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ದೊರೆಯಲಿಲ್ಲ.

ಗೋಹರ್‌ಬಾಯಿ ಹಿಡಿದದ್ದು ಬೇರೆ ದಾರಿ. ಅವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿಯನ್ನು ಸೇರಿ, ಮುಂದೆ ಅವರ ಬಾಳಸಂಗಾತಿಯೂ ಆದರು. 1913ರಲ್ಲಿ ಆರಂಭವಾದ ಗಂಧರ್ವ ನಾಟಕ ಮಂಡಳಿಯ ವೈಭವ ದೊಡ್ಡದು: ಅಸಲಿ ರೇಷ್ಮೆ, ಅತ್ತರು, ತಬಲಾಕ್ಕೆ ತಿರಖವಾ, ಸಾರಂಗಿಗೆ ಕಾದರ್‌ಬಕ್ಷ್. ಆದರೆ ನಾಟಕದ ಆದಾಯಕ್ಕೆ ಕುರ್ಚಿಗಳ ಸಂಖ್ಯೆಯೇ ಮಿತಿ. ಪ್ರತಿ ರಾತ್ರಿಯ ಆಟಕ್ಕೂ ಹೊಸದಾಗಿ ಖರ್ಚು ಮಾಡಲೇಬೇಕು. ಮಂಡಳಿ ಲಕ್ಷಗಟ್ಟಲೆ ಸಾಲದಲ್ಲಿ ಮುಳುಗಿತು. 1935ರಲ್ಲಿ ಪ್ರಭಾತ್ ಸಂಸ್ಥೆಯ ‘ಧರ್ಮಾತ್ಮ’ ಚಿತ್ರದಲ್ಲಿ ಬಾಲಗಂಧರ್ವರು ಏಕನಾಥನ ಪಾತ್ರಕ್ಕೆ ಬಣ್ಣ ಹಚ್ಚಿದಾಗ ಅವರ ಹಿಂದೆ ಈ ಸಾಲದ ಹೊರೆ ಇತ್ತು.

ಸಿನಿಮಾದ ಗಣಿತವೇ ಬೇರೆ. ಅಲ್ಲಿ ವೆಚ್ಚವೆಲ್ಲ ಮೊದಲ ಪ್ರತಿಗೆ. ಎರಡನೆಯ, ನೂರನೆಯ ಪ್ರತಿಗೆ ತಗಲುವುದು ಅಲ್ಪ. ಚಿತ್ರ ಸೋತರೆ ಹೂಡಿದ್ದೆಲ್ಲ ನೀರುಪಾಲು, ಗೆದ್ದರೆ ಲಾಭಕ್ಕೆ ಮೇಲ್ಮಿತಿಯಿಲ್ಲ. ಇಂದಿನ ವಿಡಿಯೋ ಗೇಮ್ ಉದ್ಯಮ ಇದೇ ಗಣಿತದ ಉಗ್ರರೂಪ. 2020ರಲ್ಲಿ ಹೊರಬಂದ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗದ ತಯಾರಿಕೆಗೇ ಸುಮಾರು 22 ಕೋಟಿ ಡಾಲರ್ ತಗುಲಿದ್ದು 2023ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಾಖಲೆಗಳಿಂದ ಬಯಲಾಯಿತು. ದೊಡ್ಡ ಆಟಗಳಿಗೆ ಜಾಹೀರಾತಿನ ವೆಚ್ಚವೂ ಕೆಲವೊಮ್ಮೆ ತಯಾರಿಕಾ ವೆಚ್ಚದ ಸಮೀಪಕ್ಕೆ ಬರುತ್ತದೆ. ಹೀಗಿದ್ದೂ ಸೋನಿ ಸಂಸ್ಥೆ 2024ರಲ್ಲಿ ಬಿಡುಗಡೆ ಮಾಡಿದ ‘ಕಾನ್‌ಕಾರ್ಡ್’ ಎರಡೇ ವಾರಗಳಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಹಣ ಸುರಿದು ಜನರ ಗಮನವನ್ನು ಕೊಳ್ಳಬಹುದು, ಒಲವನ್ನಲ್ಲ.

1940ರ ದಶಕದ ಹಿಂದಿ ಚಿತ್ರೋದ್ಯಮಕ್ಕೆ ಈ ವಿಷಯದಲ್ಲಿ ಒಂದು ವಿಚಿತ್ರ ಅನುಕೂಲ ಒದಗಿತ್ತು. ಅದರ ಅತ್ಯುತ್ತಮ ಜಾಹೀರಾತು ಹಾಡು. ಆ ಜಾಹೀರಾತಿಗೆ ಹಣ ತೆರುತ್ತಿದ್ದವರು ತಟ್ಟೆ ಕೊಳ್ಳುವ ಶ್ರೋತೃಗಳೇ. 1943ರಲ್ಲಿ ಬಾಂಬೆ ಟಾಕೀಸ್ ‘ಕಿಸ್ಮತ್’ ಚಿತ್ರವನ್ನು ಬಿಡುಗಡೆ ಮಾಡಿತು. ಸಂಗೀತ ಅನಿಲ್ ಬಿಸ್ವಾಸ್ ಅವರದು. ತೆರೆಯ ಮೇಲೆ ಮುಮ್ತಾಜ್ ಶಾಂತಿ, ದನಿ ಬೀಳಗಿಯದು. ಪರದೇಶದವರನ್ನು ದೂರ ಸರಿಯಿರೆನ್ನುವ ಅದರ ಗೀತೆ ‘ಕ್ವಿಟ್ ಇಂಡಿಯಾ’ದ ಮರುವರ್ಷದಲ್ಲಿ ದೇಶದ ಬಾಯಿಪಾಠವಾಯಿತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿದ ಈ ಚಿತ್ರ, ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರವೆಂದು ಖ್ಯಾತಿ ಪಡೆದಿದೆ.

ಮರುವರ್ಷದ ‘ರತನ್’ ಇನ್ನೂ ಸ್ವಾರಸ್ಯದ ಉದಾಹರಣೆ. ಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ತಯಾರಾದ ಈ ಚಿತ್ರದ ಧ್ವನಿಮುದ್ರಿಕೆಗಳ ರಾಯಧನವೇ ತಯಾರಿಕಾ ವೆಚ್ಚವನ್ನು ಹಲವು ಪಟ್ಟು ಮೀರಿತೆಂದು ಸಂಗೀತ ನಿರ್ದೇಶಕ ನೌಷಾದ್ ನೆನೆಯುತ್ತಿದ್ದರು. ಇದರಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿಯವರ ಹಾಡುಗಳೊಂದಿಗೆ ಅಮೀರ್‌ಬಾಯಿಯವರ ಹಾಡುಗಳೂ ಮನೆಮನೆ ತಲುಪಿದವು. ಜಾಹೀರಾತೇ ಬಂಡವಾಳವನ್ನು ಹಿಂದಿರುಗಿಸಿದ ಇಂಥ ಸ್ಥಿತಿ ಇಂದಿನ ಯಾವ ಗೇಮ್ ಕಂಪನಿಗೂ ಅಸೂಯೆ ಹುಟ್ಟಿಸುವಂಥದು.

ಹಾಡಿದವರಿಗೆ ದೊರೆತದ್ದೇನು? ಒಂದು ಹಾಡಿಗೆ ಒಂದು ಸಂಭಾವನೆ, ಒಂದೇ ಬಾರಿ. ಅದು ನಿರ್ಮಾಪಕರ ಪುಸ್ತಕದಲ್ಲಿ ತಯಾರಿಕಾ ವೆಚ್ಚದ ಕಾಲಂನಲ್ಲಿ, ದೀಪದ ಬಾಡಿಗೆ, ಬಡಗಿಯ ಕೂಲಿಗಳ ನಡುವೆ ದಾಖಲಾಗುತ್ತಿತ್ತು. ರಾಯಧನ ನಿರ್ಮಾಪಕರದು. ಅಂದಿನ ರೂಢಿಯೇ ಹಾಗಿತ್ತೆಂಬ ಸಮಾಧಾನ ನನಗೆ ಒಪ್ಪಿಗೆಯಾಗದು. ರೂಢಿಗಳನ್ನು ಯಾರೋ ತಮ್ಮ ಅನುಕೂಲಕ್ಕೆಂದೇ ಮಾಡಿರುತ್ತಾರೆ.

ನಟ ಹಿಮಾಲಯವಾಲಾ ಅವರೊಂದಿಗಿನ ದಾಂಪತ್ಯ ಅಮೀರ್‌ಬಾಯಿಯವರಿಗೆ ಹಿಂಸೆಯನ್ನೇ ತಂದಿತು. ಅದರಿಂದ ಬಿಡುಗಡೆ ಪಡೆದ ಮೇಲೆ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು. 1948ರ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳಿಗೆ ಆ ಕುರ್ಚಿ ದೊರೆಯುವುದು ಅಂದಿಗೆ ಅಪರೂಪ, ಇಂದಿಗೂ ಸುಲಭವಲ್ಲ. ಅಷ್ಟರಲ್ಲಿ ಲತಾ ಮಂಗೇಶ್ಕರರ ಯುಗ ಆರಂಭವಾಗಿತ್ತು. ಹಾಡುವ ಅವಕಾಶ ಕುಗ್ಗಿ, ಅಮೀರ್‌ಬಾಯಿ ಪೋಷಕ ಪಾತ್ರಗಳತ್ತ ಹೊರಳಿದರು.

ವಿಜಯಪುರದಲ್ಲಿ ಆಕೆಯ ಹೆಸರು ಹೊತ್ತ, ಕುಟುಂಬದ ಒಡೆತನದ ಅಮೀರ್ ಟಾಕೀಸ್ ಚಿತ್ರಮಂದಿರ ನಡೆಯಿತು. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಇದು ಜಾಣ ನಡೆ: ಪ್ರದರ್ಶಕರಿಗೆ ಮೊದಲ ಪ್ರತಿಯ ಜೂಜಿಲ್ಲ, ಯಾರ ಚಿತ್ರ ಗೆದ್ದರೂ ಟಿಕೆಟ್ಟಿನಲ್ಲಿ ಪಾಲುಂಟು. ದನಿಯಲ್ಲಿ ದೊರಕದ ಪಾಲು ಕಟ್ಟಡದಲ್ಲಿ ದೊರಕಿತು.

ಈ ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದಲ್ಲಿ ವಿಡಿಯೋ ಗೇಮ್‌ಗಳಿಗೆ ದನಿ ಕೊಡುವ ನಟರು 2016ರ ಅಕ್ಟೋಬರ್‌ನಿಂದ ಸುಮಾರು ಹನ್ನೊಂದು ತಿಂಗಳು ಮುಷ್ಕರ ಹೂಡಿದರು. ಆಟ ಯಶಸ್ವಿಯಾದರೆ ತಮಗೂ ಹೆಚ್ಚುವರಿ ಪಾಲು ಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ದಕ್ಕಿದ್ದು, ದುಡಿದ ಅವಧಿಗಳ ಲೆಕ್ಕದಲ್ಲಿ ಒಂದಿಷ್ಟು ಬೋನಸ್, ಮಾರಾಟದಲ್ಲಿ ಪಾಲಲ್ಲ.

ಪಾರ್ಶ್ವವಾಯುವಿಗೆ ತುತ್ತಾದ ಅಮೀರ್‌ಬಾಯಿ 1965ರ ಮಾರ್ಚ್ 3ರಂದು ತೀರಿಕೊಂಡರು. ಪ್ರದರ್ಶನಗಳ ವಾಣಿಜ್ಯ ಬಳಕೆಗೆ ಕಲಾವಿದರಿಗೂ ರಾಯಧನ ಸಲ್ಲಬೇಕೆಂದು ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂದದ್ದು 2012ರಲ್ಲಿ. ಧ್ವನಿಮುದ್ರಣದ ಸ್ವಾಮ್ಯಕ್ಕೆ ಅದೇ ಕಾಯಿದೆ ನಿಗದಿಪಡಿಸಿರುವ ಅವಧಿ 60 ವರ್ಷ. ‘ಕಿಸ್ಮತ್’ ತಟ್ಟೆಗಳ ಮಟ್ಟಿಗೆ ಅದು 2003ರಲ್ಲೇ ಮುಗಿದಿತ್ತು.