ಅರ್ಧ ಅಂದ್ರೆ ಯಾವುದರ ಅರ್ಧ? ನೃಪತುಂಗನ ಕಾಲದಲ್ಲೇ ಲೆಕ್ಕ ಬಿಡಿಸಿಟ್ಟ ಮಹಾವೀರಾಚಾರ್ಯ

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದವರು ಕಾಗಿಣಾ ದಂಡೆಯ ಕೋಟೆ ನೋಡಿಯೇ ಇರ್ತಾರೆ. ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಸುಮಾರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗ ಅಂದ ಕೂಡಲೇ ನೆನಪಾಗೋದು ‘ಕವಿರಾಜಮಾರ್ಗ’. ಅದೇ ದೊರೆಯ ಕಾಲದಲ್ಲಿ ಇನ್ನೊಂದು ದೊಡ್ಡ ಗ್ರಂಥವೂ ಹುಟ್ಟಿತು. ಅದು ಲೆಕ್ಕದ ಪುಸ್ತಕ, ‘ಗಣಿತಸಾರಸಂಗ್ರಹ’. ಬರೆದವರು ಜೈನ ವಿದ್ವಾಂಸ ಮಹಾವೀರಾಚಾರ್ಯರು.

ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಬರೆದ ಈ ಗ್ರಂಥದಲ್ಲಿ 9 ಅಧ್ಯಾಯ, 1,100ಕ್ಕೂ ಹೆಚ್ಚು ಪದ್ಯಗಳಿವೆ. ಆರಂಭದಲ್ಲಿ ದೊರೆಯನ್ನು ಹೊಗಳಿದ ಆಚಾರ್ಯರು ತಮ್ಮ ಊರು, ಮನೆತನದ ಬಗ್ಗೆ ಏನೂ ಹೇಳಿಕೊಂಡಿಲ್ಲ. ಅವರ ಬದುಕೆಂದರೆ ಅವರ ಕೆಲಸವೇ. ಆರ್ಯಭಟ, ಬ್ರಹ್ಮಗುಪ್ತರು ಖಗೋಳದ ಗ್ರಂಥದೊಳಗೆ ಗಣಿತ ಹೇಳಿದ್ದರು. ಇವರು ಇಡೀ ಪುಸ್ತಕವನ್ನು ಗಣಿತಕ್ಕೇ ಮೀಸಲಿಟ್ಟರು. ವ್ಯವಹಾರ, ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟೋದು ಎಲ್ಲದಕ್ಕೂ ಲೆಕ್ಕ ಬೇಕು ಅನ್ನೋದು ಅವರ ನಿಲುವು.

ಅವರ ಕೈಚಳಕ ಕಾಣೋದು ಭಿನ್ನರಾಶಿಯಲ್ಲಿ. ಈಗಿನ ಅಂಗಡಿ ಲೆಕ್ಕವನ್ನೇ ತಗೊಳ್ಳಿ. ಮೂಟೆಯ ಅರ್ಧ ತೊಗರಿ ಬೇಳೆ ಬೆಳಿಗ್ಗೆ ಹೋಯ್ತು. ಸಂಜೆ ಮೂರನೇ ಒಂದು ಪಾಲು ಹೋಯ್ತು. ಉಳಿದದ್ದು 10 ಕೆ.ಜಿ. ಮೊದಲು ಎಷ್ಟಿತ್ತು? ಇಲ್ಲೇ ಎಡವಟ್ಟಾಗೋದು. ಎರಡೂ ಪಾಲು ಇಡೀ ಮೂಟೆಯದ್ದಾದರೆ ಉಳಿದದ್ದು ಆರನೇ ಒಂದು ಭಾಗ, ಮೂಟೆ 60 ಕೆ.ಜಿ. ಸಂಜೆಯ ಪಾಲು ಬೆಳಿಗ್ಗೆ ಮಿಕ್ಕಿದ್ದರಲ್ಲಿ ಅಂದ್ರೆ ಉಳಿದದ್ದು ಮೂರನೇ ಒಂದು ಭಾಗ, ಮೂಟೆ ಬರೀ 30 ಕೆ.ಜಿ. ಒಂದು ಮಾತಿಗೆ 30 ಕೆ.ಜಿ. ವ್ಯತ್ಯಾಸ!

ಆಚಾರ್ಯರು ಈ ಎರಡನ್ನೂ ಬೇರೆ ಬೇರೆ ಜಾತಿಯ ಲೆಕ್ಕವಾಗಿ ವಿಂಗಡಿಸಿದರು. ಮೊದಲನೆಯದು ‘ಭಾಗ’, ಎರಡನೆಯದು ‘ಶೇಷ’. ವರ್ಗಮೂಲ ಸೇರಿದರೆ ಮತ್ತೊಂದು ಜಾತಿ. ಅವರ ಒಂಟೆ ಲೆಕ್ಕ ಹೆಸರುವಾಸಿ: ಹಿಂಡಿನ ಕಾಲು ಭಾಗ ಕಾಡಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, ಉಳಿದ 15 ನದಿ ದಂಡೆಯಲ್ಲಿ. ಹಿಂಡು ಎಷ್ಟು? ಉತ್ತರ 36. ಕಾಡಲ್ಲಿ 9, ಬೆಟ್ಟದಲ್ಲಿ 12, ದಂಡೆಯಲ್ಲಿ 15. ಕೂಡಿಸಿ ನೋಡಿ, ಸರಿಯಾಗುತ್ತೆ.

ಭಿನ್ನರಾಶಿ ಕೂಡಿಸೋಕೆ ಇವತ್ತು ಶಾಲೆಯಲ್ಲಿ ಮಕ್ಕಳು ಹಾಕೋ ಲ.ಸಾ.ಅ. ಕ್ರಮವನ್ನೂ ‘ನಿರುದ್ಧ’ ಎಂಬ ಹೆಸರಲ್ಲಿ ಕೊಟ್ಟವರು ಇವರೇ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದರು. ಎಡವಿದ್ದೂ ಉಂಟು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತೆ ಅಂದಿದ್ದರು. ಅದು ತಪ್ಪು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚಾಯಿತು. ಆಮೇಲೆ ಕನ್ನಡಕ್ಕೂ ಬಂತು.

ಕೋಟೆಯ ಗೋಡೆ ಕುಸಿದಿರಬಹುದು, ಆಚಾರ್ಯರ ವಿಂಗಡಣೆ ಇನ್ನೂ ಗಟ್ಟಿಯಾಗಿದೆ. ಪಾಲು ಹಂಚುವಾಗ, ರಿಯಾಯಿತಿ ಮೇಲೆ ರಿಯಾಯಿತಿ ಕೊಡುವಾಗ, ಮಗುವಿಗೆ ಮನೆಪಾಠ ಹೇಳಿಕೊಡುವಾಗ ಮೊದಲು ಕೇಳಬೇಕಾದ್ದು ಒಂದೇ: ಈ ಭಾಗ ಇಡೀದರದ್ದೋ, ಉಳಿದದ್ದರದ್ದೋ?