ಮಗ್ಗಕ್ಕೆ ಓದು ಕಲಿಸಿದ ಜಕಾರ್ಡ್

ರೋಣ, ನರಗುಂದದ ಎರೆಭೂಮಿ ಹತ್ತಿಗೆ ಹೆಸರಾದರೆ, ಗಜೇಂದ್ರಗಡ ಹೆಸರಾದುದು ಮಗ್ಗಕ್ಕೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಈ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. 2018ರಲ್ಲಿ ರೋಣದಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ಗಜೇಂದ್ರಗಡದಲ್ಲಿ ಇಳಕಲ್ಲ ಮಾದರಿಯ ಸೀರೆಯನ್ನೂ, ಸವದತ್ತಿ ಯಲ್ಲಮ್ಮನಿಗೆ ಭಕ್ತರು ಅರ್ಪಿಸುವ ಪಟ್ಟೆದಂಚಿನ ಸೀರೆಯನ್ನೂ ತಲೆಮಾರುಗಳಿಂದ ನೇಯ್ದುಕೊಂಡು ಬಂದಿದ್ದಾರೆ. ಗೋಮಿ, ಪರಾಸಪೇಟಿ, ಗಾಡಿದಡಿ ಎಂಬ ಅಂಚುಗಳ ಹೆಸರುಗಳು, ತೋಪತೆನಿ ಸೆರಗು, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ಜಾಣ್ಮೆ, ಇವೆಲ್ಲ ಇಲ್ಲಿನ ಮನೆಮಾತು.

ಅಂಚಿನಲ್ಲಿ ಒಂದು ಚಿಕ್ಕ ಹೂವು ಮೂಡಬೇಕಾದರೂ ನೇಕಾರನ ಎದುರು ನಿಲ್ಲುವುದು ಒಂದೇ ಪ್ರಶ್ನೆ. ಹಾಸಿನ ನೂರಾರು ಎಳೆಗಳಲ್ಲಿ ಈ ಸಲ ಯಾವುವು ಮೇಲೇಳಬೇಕು, ಯಾವುವು ಕೆಳಗುಳಿಯಬೇಕು? ಈ ಪ್ರಶ್ನೆಯನ್ನು ಮನುಷ್ಯನ ನೆನಪಿನಿಂದ ಬಿಡಿಸಿ ತೂತು ಹೊಡೆದ ರಟ್ಟಿಗೆ ಒಪ್ಪಿಸಿದವನು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್. ಅವನ ಹೆಸರು ಬನಾರಸ, ಕಂಚಿ, ಬೆಂಗಳೂರುಗಳ ರೇಷ್ಮೆ ಮಗ್ಗಗಳಿಂದ ಹಿಡಿದು ಎಲ್ಲೆಡೆಯ ನೇಕಾರರ ಬಾಯಲ್ಲಿದೆ. ಆದರೆ ಬಹುಮಂದಿಗೆ ಅದೊಂದು ಉಪಕರಣದ ಹೆಸರೇ ಹೊರತು ಒಬ್ಬ ಮನುಷ್ಯನ ಹೆಸರಲ್ಲ.

ಜಕಾರ್ಡ್ ಹುಟ್ಟಿದ್ದು 1752ರ ಜುಲೈ 7ರಂದು. ನಿಜಕ್ಕೆ ಜಕಾರ್ಡ್ ಎಂಬುದು ಮನೆತನದ ಮೂಲ ಹೆಸರಲ್ಲ. ಮನೆತನದ ಹೆಸರು ಚಾರ್ಲ್ಸ್, ಫ್ರೆಂಚರ ಉಚ್ಚಾರದಲ್ಲಿ ಶಾರ್ಲ್. ಅದೇ ಹೆಸರಿನ ಕುಟುಂಬಗಳು ಹಲವಿದ್ದುದರಿಂದ ಗುರುತಿಗೆಂದು ಬಂದ ಅಡ್ಡಹೆಸರು ಜಕಾರ್ಡ್. ಅಡ್ಡಹೆಸರುಗಳ ನಾಡಾದ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ರೇಷ್ಮೆ ನೇಯುವ ಕಸುಬುದಾರ. ತಾಯಿ ಆಂತ್ವಾನೆತ್ ರಿವ್ ನಕ್ಷೆ ಓದುವ ಕೆಲಸದವಳು. ಚಿತ್ರಕಾರ ಬರೆದುಕೊಟ್ಟ ಹೂಬಳ್ಳಿಯನ್ನು ಚೌಕುಳಿ ಕಾಗದದ ಮೇಲಿಂದ ಸಾಲುಸಾಲಾಗಿ ಓದಿ ಮಗ್ಗದ ಹುರಿಗಳಿಗೆ ಹೊಂದಿಸಿಕೊಡುವುದು ಅವಳ ಉದ್ಯೋಗ. ತಂದೆಯ ಮಗ್ಗ, ತಾಯಿಯ ಓದು ಎರಡೂ ಒಂದೇ ಯಂತ್ರದಲ್ಲಿ ಕೂಡಿದ್ದನ್ನು ಮುಂದೆ ಕಾಣಬಹುದು. ಒಂಬತ್ತು ಮಕ್ಕಳ ಆ ಮನೆಯಲ್ಲಿ ಬಾಲಕನನ್ನು ಶಾಲೆಗೆ ಕಳುಹಿಸಲಿಲ್ಲ. 1762ರಲ್ಲಿ ತಾಯಿ ತೀರಿಕೊಂಡಳು. ಹದಿಮೂರನೆಯ ವಯಸ್ಸಿನವರೆಗೆ ಅಕ್ಷರವರಿಯದ ಹುಡುಗನಿಗೆ ಓದುಬರಹ ಕಲಿಸಿದವನು ಮುದ್ರಣ ಮತ್ತು ಪುಸ್ತಕ ವ್ಯಾಪಾರದಲ್ಲಿದ್ದ ಅಕ್ಕನ ಗಂಡ ಬಾರೆ.

1772ರಲ್ಲಿ ತಂದೆಯೂ ಗತಿಸಿದ ಮೇಲೆ ಮನೆ, ಮಗ್ಗಗಳು, ದ್ರಾಕ್ಷಿತೋಟ, ಕಲ್ಲಿನ ಗಣಿ ಮಗನ ಪಾಲಿಗೆ ಬಂದವು. ವ್ಯವಹಾರ ಮಾತ್ರ ಅವನಿಗೆ ಒಲಿಯಲಿಲ್ಲ. 1778ರಲ್ಲಿ ಕ್ಲೋದಿನ್ ಬ್ವಾಶೋನ್ ಎಂಬ ವಿಧವೆಯನ್ನು ವಿವಾಹವಾದ. ಮರುವರ್ಷ ಗಂಡುಮಗು ಜನಿಸಿತು. ಸಾಲ ಬೆಳೆದು ಪಿತ್ರಾರ್ಜಿತವೂ ಹೆಂಡತಿಯ ಆಸ್ತಿಯೂ ಕರಗಿಹೋದವು. ಹೆಂಡತಿ ಹುಲ್ಲಿನ ಟೋಪಿ ಹೆಣೆದು ಸಂಸಾರ ನಡೆಸಿದಳೆಂದು ಅವನ ಚರಿತ್ರಕಾರರು ಬರೆದಿದ್ದಾರೆ. ಅಷ್ಟರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಬಂತು. 1793ರಲ್ಲಿ ಕ್ರಾಂತಿಯ ಸರಕಾರದ ವಿರುದ್ಧ ಸಿಡಿದೆದ್ದ ಲಿಯೋನ್ ನಗರಕ್ಕೆ ಮುತ್ತಿಗೆ ಬಿದ್ದಾಗ ಜಕಾರ್ಡ್ ನಗರದ ರಕ್ಷಣೆಗೆ ನಿಂತ. ನಗರ ಶರಣಾದ ಮೇಲೆ ಮಗನೊಡನೆ ತಲೆಮರೆಸಿಕೊಂಡು, ಬೇರೆ ಹೆಸರಿನಲ್ಲಿ ಅದೇ ಕ್ರಾಂತಿಯ ಸೈನ್ಯವನ್ನು ಸೇರಿದ. ಮಗ ರಣರಂಗದಲ್ಲಿ ಮಡಿದ. ಸುಮಾರು 1798ರ ವೇಳೆಗೆ ತಂದೆಯೊಬ್ಬನೇ ಲಿಯೋನಿಗೆ ಮರಳಿದ. ಆಗ ಅವನಿಗೆ ವಯಸ್ಸು ನಲವತ್ತಾರರ ಆಸುಪಾಸು. ಜಗತ್ತು ನೆನಪಿಡುವಂಥ ಒಂದು ಕೆಲಸವನ್ನೂ ಅವನು ಅಲ್ಲಿಯವರೆಗೆ ಮಾಡಿರಲಿಲ್ಲ.

ಅವನ ಸಾಧನೆ ತಿಳಿಯಬೇಕಾದರೆ ಆ ಕಾಲದ ಮಗ್ಗವನ್ನು ಅರಿಯಬೇಕು. ಸಾದಾ ಬಟ್ಟೆಯ ಮಗ್ಗದಲ್ಲಿ ಹಾಸಿನ ಎಳೆಗಳು ಎರಡು ತಂಡಗಳಾಗಿ ಎರಡು ಚೌಕಟ್ಟುಗಳಲ್ಲಿ ಹಾಯ್ದಿರುತ್ತವೆ. ನೇಕಾರ ಕಾಲಿನಡಿಯ ಹಲಗೆ ತುಳಿದಂತೆ ಒಂದು ತಂಡ ಏಳುತ್ತದೆ, ಇನ್ನೊಂದು ಇಳಿಯುತ್ತದೆ. ನಡುವೆ ತೆರೆದ ಬಾಯಿಯಲ್ಲಿ ಲಾಳಿ ಹಾಯ್ದು ಹೊಕ್ಕಿನ ನೂಲನ್ನು ಬಿಟ್ಟುಹೋಗುತ್ತದೆ. ಫಣಿ ಅದನ್ನು ಬಡಿದು ಕೂರಿಸುತ್ತದೆ. ಗಜೇಂದ್ರಗಡದ ಕುಣಿಮಗ್ಗದ ತತ್ತ್ವವೂ ಇದೇ. ಲಾಳಿಯ ಓಟಕ್ಕೆ ವೇಗ ತಂದವನು ಇಂಗ್ಲೆಂಡಿನ ಜಾನ್ ಕೇ. ಹಗ್ಗ ಜಗ್ಗಿದರೆ ತಾನೇ ಹಾರುವ ಲಾಳಿಯನ್ನು ಆತ 1733ರಲ್ಲಿ ರೂಪಿಸಿದ. ಆ ಬಗೆಯ ಮಗ್ಗವನ್ನು ಕರ್ನಾಟಕಕ್ಕೆ ತಂದ ಕೀರ್ತಿ 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ನೇಕಾರ ಹಾಲರ್ ಎಂಬಾತನದು. ಆದರೆ ಲಾಳಿ ಎಷ್ಟೇ ಬೇಗ ಹಾರಲಿ, ಹೂವು ನೇಯಲು ಅದು ನೆರವಾಗದು.

ಹೂವಿಗೆ ಎರಡು ತಂಡ ಸಾಲದು. ಪ್ರತಿಯೊಂದು ಎಳೆಯೂ ಸ್ವತಂತ್ರವಾಗಿ ಏಳುವಂತಿರಬೇಕು. ಲಿಯೋನಿನಲ್ಲಿ ಇದಕ್ಕಾಗಿ ಎಳೆಮಗ್ಗವಿತ್ತು. ಹಾಸಿನ ಎಳೆಗಳಿಗೆ ಕಟ್ಟಿದ ಹುರಿಗಳು ಮಗ್ಗದ ಮೇಲಿಂದ ಪಕ್ಕಕ್ಕೆ ಇಳಿಯುತ್ತಿದ್ದವು. ನೇಕಾರನ ಸನ್ನೆಯಂತೆ ಒಬ್ಬ ಸಹಾಯಕ ಆಯಾ ಕಟ್ಟಿನ ಹುರಿಗಳನ್ನು ಜಗ್ಗಿ ಹಿಡಿಯಬೇಕು. ಲಾಳಿ ಹಾಯ್ದ ಮೇಲೆ ಬಿಟ್ಟು ಮುಂದಿನ ಕಟ್ಟನ್ನು ಜಗ್ಗಬೇಕು. ಈ ಸಹಾಯಕರು ಬಹುಪಾಲು ಹುಡುಗ ಹುಡುಗಿಯರು. ಸೀಸದ ತೂಕ ಕಟ್ಟಿದ ಹುರಿಗಳನ್ನು ದಿನವಿಡೀ ಎಳೆದೆಳೆದು ಬೆಳೆಯುವ ವಯಸ್ಸಿನಲ್ಲೇ ಅವರ ಮೈ ಕುಗ್ಗುತ್ತಿತ್ತು. ಒಂದು ಹುರಿ ತಪ್ಪಿದರೂ ಬಟ್ಟೆಯಲ್ಲಿ ದೋಷ ಉಳಿಯುತ್ತಿತ್ತು. ಇಷ್ಟಾದರೂ ದಿನದ ಕೊನೆಗೆ ನೇಯ್ದ ಬಟ್ಟೆ ಗೇಣುಗಳ ಲೆಕ್ಕದಲ್ಲಿರುತ್ತಿತ್ತು. ಎಳೆಮಗ್ಗದಲ್ಲಿ ದುಡಿದ ಬಾಲಕರಲ್ಲಿ ಜಕಾರ್ಡನೂ ಒಬ್ಬನೆಂಬ ಪ್ರತೀತಿಯಿದೆ. ಅದು ನಿಜವಿರಲಿ ಬಿಡಲಿ, ತಂದೆಯ ಮಗ್ಗದ ಮನೆಯಲ್ಲಿ ಆತ ಕಣ್ಣಾರೆ ಕಂಡ ದುಡಿಮೆ ಇದೇ.

ಹುರಿ ಎಳೆಯುವವರನ್ನು ತಪ್ಪಿಸುವ ಯೋಚನೆ ಮೊದಲು ಹೊಳೆದದ್ದು ಜಕಾರ್ಡನಿಗಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1725ರಲ್ಲಿ ಅದೇ ಲಿಯೋನಿನ ಬಾಸಿಲ್ ಬೂಶೋನ್ ತೂತು ಹೊಡೆದ ಕಾಗದದ ಸುರುಳಿಯಿಂದ ಹುರಿಗಳನ್ನು ಆಯುವ ಉಪಾಯ ಕಂಡುಕೊಂಡಿದ್ದ. 1728ರ ಸುಮಾರಿಗೆ ಫಾಲ್ಕೋನ್ ಕಾಗದದ ಬದಲು ರಟ್ಟಿನ ಕಾರ್ಡುಗಳನ್ನು ಪೋಣಿಸಿದ. ಇವೆರಡರಲ್ಲಿಯೂ ಸಹಾಯಕನ ಕೈ ಬೇಕೇ ಬೇಕಿತ್ತು. ರೆಕ್ಕೆ ಬಡಿಯುವ ಯಂತ್ರದ ಬಾತುಕೋಳಿಯನ್ನು ಮಾಡಿ ಯೂರೋಪನ್ನು ಬೆರಗುಗೊಳಿಸಿದ ವೋಕಾನ್ಸನ್ 1745ರ ವೇಳೆಗೆ ಆಯುವ ಉಪಕರಣವನ್ನು ಮಗ್ಗದ ತಲೆಯ ಮೇಲೇ ಕೂರಿಸಿದ. ಅವನ ಮಗ್ಗ ದುಬಾರಿ, ನಾಜೂಕು. ಉರುಳೆಯ ಸುತ್ತಳತೆಗೆ ನಕ್ಷೆಯ ಉದ್ದವೂ ಸೀಮಿತ. ನೇಕಾರರ ಮನೆಗೆ ಅದು ಬರಲೇ ಇಲ್ಲ.

ಜಕಾರ್ಡ್ ತನ್ನ ಮೊದಲ ಹಕ್ಕುಪತ್ರ ಪಡೆದದ್ದು 1800ರಲ್ಲಿ. ಹುರಿ ಎಳೆಯುವವನಿಲ್ಲದೆ ಕಾಲಿನ ತುಳಿತದಿಂದಲೇ ನಡೆಯುವ ಆ ಮಗ್ಗಕ್ಕೆ 1801ರ ಪ್ಯಾರಿಸ್ ಪ್ರದರ್ಶನದಲ್ಲಿ ಕಂಚಿನ ಪದಕ ಬಂತು. ಬಳಿಕ ಮೀನಿನ ಬಲೆ ಹೆಣೆಯುವ ಯಂತ್ರವೊಂದನ್ನು ಮಾಡಿದ. ಅದರಿಂದ ಪ್ಯಾರಿಸಿನ ಕರೆ ಬಂದು ಅಲ್ಲಿನ ಕಲೆ ಮತ್ತು ಕೈಗಾರಿಕೆಗಳ ಸಂಗ್ರಹಾಲಯ ಸೇರಿದ. ವೋಕಾನ್ಸನ್ನನ ಹಳೆಯ ಮಗ್ಗ ಇದ್ದದ್ದು ಅಲ್ಲಿಯೇ. ಅದನ್ನು ಅಭ್ಯಸಿಸಿದ ಜಕಾರ್ಡ್, ಮಗ್ಗದ ತಲೆಯ ಮೇಲಿನ ಪೆಟ್ಟಿಗೆಯನ್ನು ವೋಕಾನ್ಸನ್ನನಿಂದಲೂ ರಟ್ಟಿನ ಸರಪಳಿಯನ್ನು ಫಾಲ್ಕೋನನಿಂದಲೂ ತೆಗೆದುಕೊಂಡು ಒಂದುಗೂಡಿಸಿದ. ಇಬ್ಬರಲ್ಲಿಯೂ ಬಿಡಿಬಿಡಿಯಾಗಿದ್ದುದು ಕೂಡಿಕೊಂಡಾಗ ಬೇರೆಯೇ ಯಂತ್ರವಾಯಿತು. ಇದು 1804ರ ಮಾತು.

ಅದರ ಕೆಲಸ ಹೀಗೆ. ಹಾಸಿನ ಎಳೆಗಳನ್ನು ಹಿಡಿದ ಹುರಿಗಳು ಮೇಲಕ್ಕೆ ಹೋಗಿ ನಿಂತ ಕೊಕ್ಕೆಗಳಿಗೆ ಸೇರುತ್ತವೆ. ಒಂದೊಂದು ಕೊಕ್ಕೆಯನ್ನು ಅಡ್ಡಲಾಗಿ ಒಂದೊಂದು ಸೂಜಿ ಹಿಡಿದಿರುತ್ತದೆ. ಸೂಜಿಯ ಹಿಂದೆ ಸಣ್ಣ ಸ್ಪ್ರಿಂಗ್. ಸೂಜಿಗಳ ಮುಂದೆ ನಾಲ್ಕು ಮುಖದ ತೂತುದಿಮ್ಮಿ, ಅದರ ಮೇಲೆ ರಟ್ಟಿನ ಕಾರ್ಡು. ನೇಕಾರ ತುಳಿದಾಗ ದಿಮ್ಮಿ ಬಂದು ಕಾರ್ಡನ್ನು ಸೂಜಿಗಳಿಗೆ ಒತ್ತುತ್ತದೆ. ತೂತಿರುವ ಕಡೆ ಸೂಜಿ ಒಳಹೊಕ್ಕು ಕೊಕ್ಕೆ ನೆಟ್ಟಗೆ ನಿಲ್ಲುತ್ತದೆ. ಮೇಲೇಳುವ ಪಟ್ಟಿ ಅದನ್ನು ಸಿಕ್ಕಿಸಿಕೊಂಡು ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳುತ್ತದೆ; ಕೊಕ್ಕೆ ಓರೆಯಾಗಿ ಪಟ್ಟಿಗೆ ತಪ್ಪಿಹೋಗುತ್ತದೆ; ಆ ಎಳೆ ಕೆಳಗೇ ಉಳಿಯುತ್ತದೆ. ದಿಮ್ಮಿ ಕಾಲು ಸುತ್ತು ತಿರುಗಿದರೆ ಮುಂದಿನ ಕಾರ್ಡು ಎದುರು ನಿಲ್ಲುತ್ತದೆ. ಹೊಕ್ಕಿನ ಒಂದು ಎಳೆಗೆ ಒಂದು ಕಾರ್ಡು. ಕಾರ್ಡುಗಳನ್ನು ದಾರದಿಂದ ಮಾಲೆಯಂತೆ ಹೊಲಿದು ತುದಿಗಳನ್ನು ಕೂಡಿಸಿದರೆ ನಕ್ಷೆ ಮುಗಿದೊಡನೆ ಮೊದಲಿಗೆ ಬರುತ್ತದೆ. ನಕ್ಷೆ ಬದಲಿಸಬೇಕೆಂದರೆ ಮಾಲೆ ಬದಲಿಸಿದರಾಯಿತು. ಹುರಿಗಳನ್ನು ಮರಳಿ ಕಟ್ಟುತ್ತ ವಾರಗಟ್ಟಲೆ ಕೂರಬೇಕಾಗಿಲ್ಲ.

1805ರ ಏಪ್ರಿಲಿನಲ್ಲಿ ಚಕ್ರವರ್ತಿ ನೆಪೋಲಿಯನ್ ರಾಣಿ ಜೋಸೆಫೀನಳೊಡನೆ ಲಿಯೋನಿಗೆ ಬಂದು ಈ ಮಗ್ಗವನ್ನು ನೋಡಿದ. ಇಂಗ್ಲೆಂಡಿನೊಡನೆ ಯುದ್ಧದಲ್ಲಿದ್ದವನಿಗೆ ಲಿಯೋನಿನ ರೇಷ್ಮೆ ರಾಜ್ಯದ ಬೊಕ್ಕಸದ ಪ್ರಶ್ನೆಯೂ ಆಗಿತ್ತು. ಮಗ್ಗದ ಹಕ್ಕು ನಗರದ ಸ್ವತ್ತಾಯಿತು. ಜಕಾರ್ಡನಿಗೆ ವರ್ಷಕ್ಕೆ 3000 ಫ್ರಾಂಕ್ ವೇತನ, ಜೊತೆಗೆ ಆರು ವರ್ಷಗಳ ಮಟ್ಟಿಗೆ ಮಾರಾಟವಾದ ಒಂದೊಂದು ಮಗ್ಗಕ್ಕೂ 50 ಫ್ರಾಂಕ್ ಗೊತ್ತಾಯಿತು. ಸಾಲದಲ್ಲಿ ಮುಳುಗೆದ್ದವನು ಇಷ್ಟಕ್ಕೇ ತೃಪ್ತನಾದಂತೆ ತೋರುತ್ತದೆ.

ನೇಕಾರರ ಓಣಿಗಳಲ್ಲಿ ಮಾತ್ರ ಸ್ವಾಗತ ಬೇರೆಯಾಗಿತ್ತು. ಮಗ್ಗಕ್ಕೊಬ್ಬರಂತೆ ಹುರಿ ಎಳೆಯುವವರ ಕೂಲಿ ಹೋಗುವುದು ಖಚಿತವಿತ್ತು. ದುಬಾರಿ ಯಂತ್ರ ಕೊಳ್ಳಲಾರದವನು ಹಿಂದುಳಿಯುವುದೂ ಖಚಿತವಿತ್ತು. ಮಗ್ಗಗಳನ್ನು ಒಡೆದು ಸುಟ್ಟರೆಂದೂ, ಜಕಾರ್ಡನನ್ನು ರೋನ್ ನದಿಗೆ ನೂಕಲು ಹೋದರೆಂದೂ ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳು ರಂಜಕವಾಗಿ ವರ್ಣಿಸುತ್ತವೆ. ಅವುಗಳಲ್ಲಿ ಉತ್ಪ್ರೇಕ್ಷೆಯ ಪಾಲು ದೊಡ್ಡದಿರಬಹುದು, ಭಯ ಮಾತ್ರ ಸುಳ್ಳಲ್ಲ. ಯಂತ್ರದಲ್ಲಿ ಲೋಪಗಳೂ ಇದ್ದವು. ಕಾರ್ಡು ಒತ್ತುವ ಭಾಗ ಮೇಲಿಂದ ಮೇಲೆ ಕೆಡುತ್ತಿತ್ತು. ಅದನ್ನು ಸರಿಪಡಿಸಿ ಮಗ್ಗವನ್ನು ನಂಬಿಕೆಗೆ ಅರ್ಹವಾಗಿಸಿದವನು ಜಾನ್ ಆಂತ್ವಾನ್ ಬ್ರೆತೋನ್ ಎಂಬ ಕುಶಲಿ. ಅವನ ಸುಧಾರಣೆ 1815ರ ಹೊತ್ತಿಗೆ ಪೂರ್ಣಗೊಂಡಿತು. ಜಕಾರ್ಡ್ ಮಗ್ಗ ಮನೆಮನೆಗೆ ಹರಡಿದ್ದು ಅದರ ನಂತರವೇ. ಹೆಸರು ಒಬ್ಬನಿಗೆ ಉಳಿಯಿತು, ಬ್ರೆತೋನನನ್ನು ಬಲ್ಲವರು ವಿರಳ.

ಮಗ್ಗದ ಎತ್ತರ ಊರಿನ ರೂಪವನ್ನೇ ಬದಲಿಸಿತು. ತಲೆಯ ಮೇಲೆ ಜಕಾರ್ಡ್ ಹೊತ್ತ ಮಗ್ಗಕ್ಕೆ ಸುಮಾರು ನಾಲ್ಕು ಮೀಟರ್ ಎತ್ತರದ ಮಾಳಿಗೆ ಬೇಕು. ಲಿಯೋನಿನ ಕ್ರುವಾ ರೂಸ್ ಗುಡ್ಡದ ಮೇಲೆ ಎತ್ತರದ ಕಿಟಕಿಗಳ ಮನೆಗಳು ಎದ್ದದ್ದು ಇದಕ್ಕಾಗಿ. ಕೆಳಗೆ ಮಗ್ಗ, ಅಟ್ಟದ ಮೇಲೆ ಸಂಸಾರ. ಮಗ್ಗ ನೇಕಾರನದು, ರೇಷ್ಮೆ ವ್ಯಾಪಾರಿಯದು, ಕೂಲಿ ನಿರ್ಧರಿಸುವವನೂ ವ್ಯಾಪಾರಿಯೇ. ಸಾಹುಕಾರರಿಂದ ನೂಲು ತಂದು ಸೀರೆ ನೇಯ್ದು ಕೂಲಿ ಎಣಿಸಿಕೊಳ್ಳುವ ಪದ್ಧತಿಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದು ಪರದೇಶದ ಕಥೆಯೆನಿಸದು. ಹುರಿ ಎಳೆಯುವ ಮಕ್ಕಳ ಬವಣೆ ತಪ್ಪಿತು, ಬಟ್ಟೆ ಹೆಚ್ಚಾಯಿತು, ಆದರೆ ಲಾಭದ ಪಾಲು ಮಗ್ಗದ ಮನೆಗೆ ಬರಲಿಲ್ಲ. ಕನಿಷ್ಠ ಕೂಲಿಯ ದರ ಒಪ್ಪಿಕೊಂಡ ವ್ಯಾಪಾರಿಗಳಲ್ಲಿ ಹಲವರು ಹಿಂದೆಗೆದಾಗ 1831ರ ನವೆಂಬರಿನಲ್ಲಿ ಲಿಯೋನಿನ ನೇಕಾರರು ದಂಗೆಯೆದ್ದು ಕೆಲವು ದಿನ ನಗರವನ್ನೇ ವಶಪಡಿಸಿಕೊಂಡರು. 1834ರ ಏಪ್ರಿಲಿನಲ್ಲಿ ಮತ್ತೆ ಎದ್ದರು. ಸೈನ್ಯ ರಕ್ತ ಹರಿಸಿ ಅಡಗಿಸಿತು. ಈ ದಂಗೆಗಳ ಕೋಪ ಯಂತ್ರದ ಮೇಲಿರಲಿಲ್ಲ, ಕೂಲಿಯ ಲೆಕ್ಕದ ಮೇಲಿತ್ತು.

ಆ ವೇಳೆಗೆ ಜಕಾರ್ಡ್ ನಗರದ ಹೊರಗಿನ ಊಲಾನ್ ಎಂಬ ಊರಿನಲ್ಲಿ ನೆಲೆಸಿದ್ದ. 1819ರಲ್ಲಿ ಫ್ರಾನ್ಸಿನ ಗೌರವ ಪದವಿ ಬಂದಿತ್ತು. ರಕ್ತಪಾತವಾದ ನಾಲ್ಕು ತಿಂಗಳಿಗೆ, 1834ರ ಆಗಸ್ಟ್ 7ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ ಆತ ಅಲ್ಲಿಯೇ ಕೊನೆಯುಸಿರೆಳೆದ. 1840ರಲ್ಲಿ ಲಿಯೋನ್ ಅವನ ಪ್ರತಿಮೆ ನಿಲ್ಲಿಸಿತು.

ಅದಕ್ಕಿಂತ ಸೊಗಸಾದ ಸ್ಮಾರಕವನ್ನು ನೇಕಾರರೇ ಕೊಟ್ಟರು. 1839ರಲ್ಲಿ ಕಾರ್ಕಿಲಾ ಎಂಬ ನೇಕಾರ ಜಕಾರ್ಡನ ಭಾವಚಿತ್ರವನ್ನು ಕಪ್ಪುಬಿಳುಪು ರೇಷ್ಮೆಯಲ್ಲಿ, ಜಕಾರ್ಡ್ ಮಗ್ಗದಲ್ಲಿಯೇ ನೇಯ್ದ. ಅದಕ್ಕೆ ಬಳಸಿದ ಕಾರ್ಡುಗಳು 24,000. ನೋಡಿದವರು ಅದನ್ನು ಅಚ್ಚಿನ ಚಿತ್ರವೆಂದು ಭ್ರಮಿಸುತ್ತಿದ್ದರು. ಅದರ ಒಂದು ಪ್ರತಿ ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನ ಮನೆಯ ಗೋಡೆಯಲ್ಲಿತ್ತು. ತನ್ನ ಲೆಕ್ಕದ ಯಂತ್ರಕ್ಕೆ ಆಜ್ಞೆಗಳನ್ನು ತೂತಿನ ಕಾರ್ಡುಗಳ ಮೂಲಕ ಕೊಡಬಹುದೆಂಬ ಯೋಚನೆಯನ್ನು ಬ್ಯಾಬೇಜ್ ಈ ಮಗ್ಗದಿಂದಲೇ ಪಡೆದಿದ್ದ. ಆ ಯಂತ್ರ ಪೂರ್ಣಗೊಳ್ಳಲಿಲ್ಲ. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲೆರಿತ್ ತೂತಿನ ಕಾರ್ಡುಗಳಿಂದ ಜನರನ್ನು ಎಣಿಸಿ ತೋರಿಸಿದ. ಗಣಕಯಂತ್ರಗಳು ಇಪ್ಪತ್ತನೆಯ ಶತಮಾನದಲ್ಲಿ ದಶಕಗಳ ಕಾಲ ಅದೇ ಬಗೆಯ ಕಾರ್ಡುಗಳನ್ನು ಓದಿದವು.

ಗಣಕಯಂತ್ರ ಈ ಸಾಲವನ್ನು ಮಗ್ಗಕ್ಕೆ ಮರಳಿಸಿದ್ದು 1983ರಲ್ಲಿ. ಮಿಲಾನಿನ ಜವಳಿ ಯಂತ್ರಗಳ ಪ್ರದರ್ಶನದಲ್ಲಿ ರಟ್ಟಿಲ್ಲದ ಎಲೆಕ್ಟ್ರಾನಿಕ್ ಜಕಾರ್ಡ್ ಕಾಣಿಸಿಕೊಂಡಿತು. ದೊಡ್ಡ ಗಿರಣಿಗಳಲ್ಲಿ ಈಗ ನಕ್ಷೆ ತೆರೆಯ ಮೇಲೆ ಮೂಡಿ ನೇರವಾಗಿ ಮಗ್ಗಕ್ಕೆ ಹೋಗುತ್ತದೆ. ಕೈಮಗ್ಗದ ಮನೆಗಳಲ್ಲಿ ಹಳೆಯ ಮಾಲೆ ಇನ್ನೂ ತೂಗುತ್ತಿದೆ. ಕಾರ್ಡಿಗೆ ತೂತು ಹೊಡೆದು, ದಾರ ಪೋಣಿಸಿ, ಸವೆದ ರಟ್ಟನ್ನು ಬದಲಿಸಿಕೊಡುವ ಕಸುಬು ನೇಕಾರಿಕೆಯ ಊರುಗಳಲ್ಲಿ ಬೇರೆಯಾಗಿಯೇ ನಡೆಯುತ್ತಿದೆ.