ಸೂಲಗಿತ್ತಿ ನರಸಮ್ಮ

ಸೂಲಗಿತ್ತಿ ನರಸಮ್ಮ (1920 – 25 ಡಿಸೆಂಬರ್ 2018) ಕರ್ನಾಟಕದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರ ಗ್ರಾಮದ ಸಾಂಪ್ರದಾಯಿಕ ಸೂಲಗಿತ್ತಿ. ವೈದ್ಯಕೀಯ ಸೌಲಭ್ಯಗಳಿಲ್ಲದ ಹಿಂದುಳಿದ ಸೀಮೆಯಲ್ಲಿ ಸುಮಾರು 70 ವರ್ಷಗಳ ಕಾಲ ಅವರು ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. ಈ ಸೇವೆಗಾಗಿ ಭಾರತ ಸರ್ಕಾರವು 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಶಾಲೆಯ ಓದಿಲ್ಲದ ನರಸಮ್ಮನವರಿಗೆ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನು ಪ್ರದಾನ ಮಾಡಿದೆ.

ಹೆಸರಿನ ಹಿನ್ನೆಲೆ

ಕನ್ನಡದಲ್ಲಿ ಸೂಲು ಎಂದರೆ ಹೆರಿಗೆ. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಗಡಿಭಾಗದ ತೆಲುಗು ಮಾತಿನವರು ಇದೇ ಕೆಲಸದವಳನ್ನು ಮಂತ್ರಸಾನಿ ಎನ್ನುತ್ತಾರೆ. ಉತ್ತರ ಭಾರತದಲ್ಲಿ ದಾಯಿ ಎಂಬ ಮಾತು ಬಳಕೆಯಲ್ಲಿದೆ. ನರಸಮ್ಮನವರ ವಿಷಯದಲ್ಲಿ ಕಸುಬಿನ ಹೆಸರೇ ವ್ಯಕ್ತಿಯ ಹೆಸರಿನ ಭಾಗವಾಯಿತು. ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿಯೂ ಅವರ ಹೆಸರು ಸೂಲಗಿತ್ತಿ ಎಂಬ ಮಾತಿನೊಂದಿಗೇ ದಾಖಲಾಗಿದೆ. ಸೂತಕ ಮತ್ತು ಮೈಲಿಗೆಯ ಭಾವನೆಗಳಿಂದಾಗಿ ಅನೇಕ ಕಡೆ ಈ ಕಸುಬನ್ನು ಕೀಳೆಂದು ಕಾಣಲಾಗುತ್ತಿತ್ತು. ಬಾಣಂತಿಯ ಮನೆಯವರು ಕಷ್ಟದ ಹೊತ್ತಿನಲ್ಲಿ ಸೂಲಗಿತ್ತಿಯನ್ನು ಕೈಮುಗಿದು ಕರೆದರೂ ಉಳಿದ ದಿನಗಳಲ್ಲಿ ಅವಳನ್ನು ಹೊಸ್ತಿಲಾಚೆಯೇ ನಿಲ್ಲಿಸುವುದು ಅಪರೂಪವಾಗಿರಲಿಲ್ಲ. ಅಂತಹ ಕಸುಬಿನ ಹೆಸರೊಂದು ರಾಷ್ಟ್ರಪತಿ ಭವನದಲ್ಲಿ ಗೌರವದಿಂದ ಉಚ್ಚರಿಸಲ್ಪಟ್ಟಿತು ಎಂಬುದು ಗಮನಾರ್ಹ.

ಹುಟ್ಟಿ ಬೆಳೆದ ಸೀಮೆ

ಪಾವಗಡವು ಆಡಳಿತದ ದೃಷ್ಟಿಯಿಂದ ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರ ಪ್ರದೇಶದ ಭೂಭಾಗದಿಂದ ಸುತ್ತುವರಿದಿದೆ. ಕರ್ನಾಟಕದೊಂದಿಗೆ ಅದು ಹೊಂದಿಕೊಂಡಿರುವುದು ಚಿತ್ರದುರ್ಗ ಜಿಲ್ಲೆಯ ಕಡೆಯಿಂದ. ಪಾವಗಡದಿಂದ ಚಳ್ಳಕೆರೆ, ಮೊಳಕಾಲ್ಮೂರುಗಳನ್ನು ಹಾದು ಬಳ್ಳಾರಿ ದಾರಿಯ ರಾಂಪುರದವರೆಗೆ ಹಬ್ಬಿರುವ ಈ ಗಡಿಸೀಮೆಗೆ ಮಳೆ ಕಡಿಮೆ, ಬರ ಹೆಚ್ಚು. ಶೇಂಗಾ ಮತ್ತು ಕುರಿ ಸಾಕಣೆ ಇಲ್ಲಿನ ಜೀವನಾಧಾರ. ಒಂದೇ ಮನೆಯಲ್ಲಿ ಕನ್ನಡ ಮತ್ತು ತೆಲುಗು ಎರಡೂ ಕೇಳಿಬರುತ್ತವೆ. ನರಸಮ್ಮನವರ ಮನೆಮಾತೂ ತೆಲುಗೇ ಆಗಿತ್ತು.

ಹಳ್ಳಿಗಳು ದೂರ ದೂರವಿರುವ ಈ ಸೀಮೆಯಲ್ಲಿ ಹೆರಿಗೆ ಎಂಬುದು ಬಹುಕಾಲ ಮನೆಯ ಒಳಕೋಣೆಯಲ್ಲಿಯೇ ನಡೆಯುತ್ತಿತ್ತು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ರೂಢಿ. ಎಲ್ಲಿ ಹೆರಬೇಕು, ಯಾರ ಕೈಯಲ್ಲಿ ಹೆರಬೇಕು ಎಂಬುದನ್ನು ಹಿರಿಯರೂ ಸಂಪ್ರದಾಯವೂ ತೀರ್ಮಾನಿಸುತ್ತಿದ್ದವು. ಹೆರುವವಳ ಮಾತಿಗೆ ಅಲ್ಲಿ ಎಡೆ ಕಡಿಮೆಯಿತ್ತು. ಚಳ್ಳಕೆರೆ, ಹಿರಿಯೂರು, ಶಿರಾ ಮತ್ತು ಪಾವಗಡ ಭಾಗದ ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯಿತ್ತು. ಅದು ಪೂರ್ತಿಯಾಗಿ ಅಳಿದಿಲ್ಲ. ಹೀಗಾಗಿ ಹಳೆಯ ಕಾಲದ ಮನೆಹೆರಿಗೆಯೆಲ್ಲವೂ ಹೆಣ್ಣಿನ ಇಚ್ಛೆಯ ಹೆರಿಗೆಯಾಗಿತ್ತೆಂದು ಭಾವಿಸುವಂತಿಲ್ಲ. ಬೇರೆ ದಾರಿಯೇ ಇಲ್ಲದ ಕಡೆ ಸೂಲಗಿತ್ತಿಯ ಕೈಯೊಂದೇ ಆಸರೆಯಾಗಿತ್ತು.

ಬಾಲ್ಯ ಮತ್ತು ಸಂಸಾರ

ನರಸಮ್ಮನವರಿಗೆ ಅಕ್ಷರಾಭ್ಯಾಸದ ಅವಕಾಶ ದೊರೆಯಲಿಲ್ಲ. 12ನೆಯ ವಯಸ್ಸಿನಲ್ಲಿಯೇ ಆಂಜಿನಪ್ಪ ಎಂಬುವರೊಂದಿಗೆ ವಿವಾಹವಾಯಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಶಾರದಾ ಕಾಯಿದೆಯು ಹೆಣ್ಣಿನ ಮದುವೆಯ ವಯಸ್ಸನ್ನು 14ಕ್ಕೆ ನಿಗದಿಪಡಿಸಿದ್ದ ಕಾಲವದು. ಆದರೆ ಆ ಕಾಯಿದೆ ದೇಶೀಯ ಸಂಸ್ಥಾನಗಳಿಗೆ ಅನ್ವಯಿಸುತ್ತಿರಲಿಲ್ಲ. ಮೈಸೂರು ಸಂಸ್ಥಾನದ 1894ರ ಕಾನೂನು 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಹೀಗಾಗಿ ಹನ್ನೆರಡರ ಹುಡುಗಿಯ ಮದುವೆ ಅಂದಿನ ಊರಿಗೆ ಸಹಜವಾಗಿಯೇ ಕಂಡಿತು.

ದಂಪತಿಗೆ 12 ಮಂದಿ ಮಕ್ಕಳು ಜನಿಸಿದರು. ಅವರಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಹನ್ನೆರಡು ಸಲ ಹೆರಿಗೆಯ ನೋವನ್ನು ತಾವೇ ಉಂಡವರು, ನಾಲ್ಕು ಸಲ ಮಕ್ಕಳನ್ನು ಕಳೆದುಕೊಂಡವರು ಅವರು. ಇತರರ ಹೆರಿಗೆಯ ಬಳಿ ಕುಳಿತಾಗ ಅವರಿಗಿದ್ದ ತಿಳಿವಳಿಕೆಯ ಒಂದು ಮೂಲ ಈ ಸ್ವಾನುಭವ.

ಸೂಲಗಿತ್ತಿಯ ಕೆಲಸ

ಹೆರಿಗೆ ಮಾಡಿಸುವ ವಿದ್ಯೆಯನ್ನು ನರಸಮ್ಮ ತಮ್ಮ ಅಜ್ಜಿ ಮರಿಗೆಮ್ಮನವರಿಂದ ಕಲಿತರು. ಅಜ್ಜಿಯೂ ಸೂಲಗಿತ್ತಿಯಾಗಿದ್ದರು. 1940ರಲ್ಲಿ, ತಮ್ಮ 20ನೆಯ ವಯಸ್ಸಿನಲ್ಲಿ, ಹತ್ತಿರದ ಬಂಧುವೊಬ್ಬರ ಹೆರಿಗೆಗೆ ನೆರವಾಗುವುದರೊಂದಿಗೆ ಅವರ ಕೆಲಸ ಆರಂಭವಾಯಿತು. ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿ ಜನರಿಂದ ಬಸುರಿ ಮತ್ತು ಬಾಣಂತಿಯರಿಗೆ ಕೊಡುವ ನಾಟಿ ಔಷಧಗಳ ತಯಾರಿಕೆಯನ್ನೂ ಅವರು ಅರಿತುಕೊಂಡರು.

ಗರ್ಭಿಣಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಯಾವ ಕಡೆಗಿದೆ, ಗರ್ಭದ ನೀರಿನ ಸ್ಥಿತಿ ಹೇಗಿದೆ, ಕೂಸಿನ ನಾಡಿ ಹೇಗೆ ಮಿಡಿಯುತ್ತಿದೆ ಎಂಬುದನ್ನು ಯಾವ ಉಪಕರಣದ ಸಹಾಯವೂ ಇಲ್ಲದೆ ತಿಳಿಯಬಲ್ಲವರೆಂದು ಅವರು ಹೆಸರಾಗಿದ್ದರು. ಸುತ್ತಲಿನ ಜನ ಇದನ್ನು ಅವರ ಕೈಗುಣವೆಂದೇ ನಂಬಿದ್ದರು. ತಮ್ಮ ಸೇವೆಗೆ ಅವರು ಹಣ ಕೇಳುತ್ತಿರಲಿಲ್ಲ.

ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆ 15,000ವನ್ನು ಮೀರುತ್ತದೆಂದು ಪತ್ರಿಕೆಗಳು ವರದಿ ಮಾಡಿವೆ. ಇದು ಆಸ್ಪತ್ರೆಯ ದಾಖಲೆ ಪುಸ್ತಕದ ಲೆಕ್ಕವಲ್ಲ, ಜನರ ನೆನಪಿನಿಂದ ಕಟ್ಟಿಕೊಂಡ ಅಂದಾಜು. 70 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು, ವಾರಕ್ಕೆ ಸರಿಸುಮಾರು ನಾಲ್ಕು ಹೆರಿಗೆಗಳಾಗುತ್ತವೆ.

ಮನೆಹೆರಿಗೆಯ ಕ್ರಮ

ಬಯಲುಸೀಮೆಯ ಸೂಲಗಿತ್ತಿಯರ ಕೆಲಸ ಕೂಸು ಹೊರಬರುವ ಗಳಿಗೆಗೆ ಮಾತ್ರ ಸೀಮಿತವಾಗಿರಲಿಲ್ಲ. ನೋವು ಆರಂಭವಾದೊಡನೆ ಬಂದು ಬಸುರಿಯ ಬೆನ್ನು, ಸೊಂಟ ನೀವುವುದು, ಅವಳನ್ನು ಓಡಾಡಿಸುವುದು, ಕುಕ್ಕರುಗಾಲಿನಲ್ಲಿ ಕೂರಿಸುವುದು, ಧೈರ್ಯ ಹೇಳುವುದು, ಕೂಸು ಬಂದ ಮೇಲೆ ಮಾಸು ಬೀಳುವವರೆಗೆ ಕಾಯುವುದು, ಹೊಕ್ಕುಳಬಳ್ಳಿ ಕತ್ತರಿಸುವುದು, ಅನಂತರದ ದಿನಗಳಲ್ಲಿ ಬಾಣಂತಿಗೆ ಎಣ್ಣೆ ನೀರು ಹಾಕುವುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವುದು ಇವೆಲ್ಲವೂ ಅದರಲ್ಲಿ ಸೇರಿದ್ದವು. ಅವಸರವಿಲ್ಲದಿರುವುದು ಈ ವಿದ್ಯೆಯ ಮುಖ್ಯ ಗುಣ. ನೋವು ತಾನಾಗಿ ಬಲಿಯುವವರೆಗೆ ಸೂಲಗಿತ್ತಿ ಕಾಯುತ್ತಿದ್ದಳು; ಆ ಹೊತ್ತಿನುದ್ದಕ್ಕೂ ಹೆರುವವಳು ಒಬ್ಬಂಟಿಯಾಗಿರುತ್ತಿರಲಿಲ್ಲ.

ಹೆರಿಗೆ ಹೆಣ್ಣಿಗೆ ಮರುಹುಟ್ಟು ಎಂಬ ನಂಬಿಕೆಯ ಹಿಂದೆ ಭಯವೂ ಇತ್ತು. ಅತಿಯಾದ ರಕ್ತಸ್ರಾವ, ಬಸುರಿಯ ರಕ್ತದೊತ್ತಡದಿಂದ ಬರುವ ಸೆಳವು, ಅಡ್ಡಬಿದ್ದ ಕೂಸು, ಬಾಣಂತಿ ನಂಜು ಇವುಗಳೆದುರು ಅತ್ಯಂತ ನುರಿತ ಕೈಯೂ ಸೋಲಬಹುದು. ಶುಚಿಯಿಲ್ಲದ ಕುಡುಗೋಲಿನಿಂದಲೋ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿ ಕತ್ತರಿಸಿದಲ್ಲಿ ಕೂಸಿಗೆ ಧನುರ್ವಾಯು ತಗಲುತ್ತಿತ್ತು. ಸ್ವಾತಂತ್ರ್ಯಾನಂತರ ಸರ್ಕಾರ ದಾಯಿಯರಿಗೆ ತರಬೇತಿ ನೀಡುವಾಗ ಶುದ್ಧ ಕೈ, ಶುದ್ಧ ಜಾಗ, ಶುದ್ಧ ಬ್ಲೇಡು, ಶುದ್ಧ ದಾರ ಹಾಗೂ ಹೊಕ್ಕುಳಿಗೆ ಬೂದಿ, ಸಗಣಿ ಮುಂತಾದುವನ್ನು ಹಚ್ಚದಿರುವುದು ಎಂಬ ಪಾಠಗಳಿಗೆ ಒತ್ತು ಕೊಟ್ಟದ್ದು ಈ ಕಾರಣಕ್ಕಾಗಿಯೇ. ಲಸಿಕೆ ಮತ್ತು ಶುಚಿಯಾದ ಹೆರಿಗೆಗಳ ಫಲವಾಗಿ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆ ಮಾಡಿದ ದೇಶವೆಂದು ಮಾನ್ಯತೆ ಪಡೆಯಿತು.

ಬದಲಾದ ಕಾಲ

ನರಸಮ್ಮನವರ ವೃದ್ಧಾಪ್ಯದಲ್ಲಿ ಹೆರಿಗೆಯ ಜಾಗವೇ ಬದಲಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂತರರಾಷ್ಟ್ರೀಯ ವೃತ್ತಿ ಸಂಘಟನೆಗಳೊಂದಿಗೆ ನೀಡಿದ ಹೇಳಿಕೆಯು ಕುಶಲ ಹೆರಿಗೆ ಸಹಾಯಕರು ಯಾರೆಂಬುದನ್ನು ನಿರೂಪಿಸಿತು. ವೈದ್ಯರು, ದಾದಿಯರು ಮತ್ತು ವಿಧಿವತ್ತಾಗಿ ಶಿಕ್ಷಣ ಪಡೆದ ಪ್ರಸೂತಿ ಸಹಾಯಕಿಯರು ಅದರಲ್ಲಿ ಸೇರಿದರು, ಸಾಂಪ್ರದಾಯಿಕ ಸೂಲಗಿತ್ತಿಯರು ಹೊರಗುಳಿದರು. 2005ರಲ್ಲಿ ಕೇಂದ್ರದ ಜನನಿ ಸುರಕ್ಷಾ ಯೋಜನೆ, ಅನಂತರ ರಾಜ್ಯದ ಮಡಿಲು ಮತ್ತು ತಾಯಿ ಭಾಗ್ಯ ಯೋಜನೆಗಳು ಬಂದವು. ಆಶಾ ಕಾರ್ಯಕರ್ತೆಯರು ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯತೊಡಗಿದರು.

ಇದರ ಫಲ ಅಂಕಿಅಂಶಗಳಲ್ಲಿ ಸ್ಪಷ್ಟವಾಗಿದೆ. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 2001–03ರಲ್ಲಿ 228ರಷ್ಟಿದ್ದ ತಾಯಂದಿರ ಮರಣ ಪ್ರಮಾಣವು 2016–18ರ ಹೊತ್ತಿಗೆ 92ಕ್ಕೂ 2018–20ರಲ್ಲಿ 69ಕ್ಕೂ ಇಳಿಯಿತು. ಇದೇ ಅವಧಿಯಲ್ಲಿ ಮತ್ತೊಂದು ಬದಲಾವಣೆಯೂ ಆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರ ಹೊತ್ತಿಗೆ ರಾಜ್ಯದ ಶೇಕಡ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದವು, ಶೇಕಡ 31.5ರಷ್ಟು ಹೆರಿಗೆಗಳು ಸಿಸೇರಿಯನ್ ಶಸ್ತ್ರಚಿಕಿತ್ಸೆಯ ಮೂಲಕ ಆಗಿದ್ದವು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಮರ್ಥನೀಯವೆಂದು ಸೂಚಿಸಿದ್ದ ಪ್ರಮಾಣ ಶೇಕಡ 10ರಿಂದ 15 ಮಾತ್ರ. ಜೀವ ಉಳಿಸುವ ಶಸ್ತ್ರಚಿಕಿತ್ಸೆ ಅಗತ್ಯವಿರುವವರಿಗೆ ಸಿಗಬೇಕು, ಅಗತ್ಯವಿಲ್ಲದವರ ಮೇಲೆ ನಡೆಯಬಾರದು ಎಂಬ ಚರ್ಚೆ ಇದರಿಂದ ಬಲಗೊಂಡಿತು.

ಪ್ರಶಸ್ತಿ ಮತ್ತು ಗೌರವಗಳು

ನರಸಮ್ಮನವರಿಗೆ ಮನ್ನಣೆ ದೊರೆತದ್ದು ತೊಂಬತ್ತು ದಾಟಿದ ಮೇಲೆ.

2012 – ಕರ್ನಾಟಕ ಸರ್ಕಾರದ ಡಿ. ದೇವರಾಜ ಅರಸು ಪ್ರಶಸ್ತಿ
2013 – ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ
2014 – ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್
2018 – ಭಾರತ ಸರ್ಕಾರದ ಪದ್ಮಶ್ರೀ

2018ರ ಪದ್ಮಶ್ರೀ ಪಟ್ಟಿಯಲ್ಲಿ ಎಲೆಮರೆಯ ಕಾಯಿಗಳಂತಿದ್ದ ಹಲವರು ಸ್ಥಾನ ಪಡೆದರು. ಗಡ್‌ಚಿರೋಲಿಯಲ್ಲಿ ಶಿಶುಮರಣ ತಡೆಗೆ ದುಡಿದ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್, ಕೇರಳದ ನಾಟಿವೈದ್ಯೆ ಲಕ್ಷ್ಮಿಕುಟ್ಟಿ, ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಲ್ಲಿ ಕೆಲವರು. ಬಂಗ್ ದಂಪತಿಯಂತಹ ವೈದ್ಯರೂ ನರಸಮ್ಮನವರಂತಹ ಸೂಲಗಿತ್ತಿಯೂ ಒಂದೇ ವರ್ಷ ಒಂದೇ ಗೌರವಕ್ಕೆ ಪಾತ್ರರಾದರು.

ನಿಧನ

ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ ನರಸಮ್ಮನವರು 2018ರ ಡಿಸೆಂಬರ್ 25ರಂದು ಬೆಂಗಳೂರಿನ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 98 ವರ್ಷ ವಯಸ್ಸಾಗಿತ್ತು. ಪದ್ಮಶ್ರೀ ಸ್ವೀಕರಿಸಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ಮಹತ್ವ

ನರಸಮ್ಮನವರು ತೀರಿಕೊಂಡ ವರ್ಷವೇ ಅವರ ಕಸುಬಿನ ಕೆಲವು ಹಳೆಯ ನಡೆಗಳು ಹೊಸ ಹೆಸರಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಂದವು. 2018ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಶಿಫಾರಸುಗಳು, ಹೆರುವವಳು ತಾನು ಬಯಸಿದ ಸಂಗಾತಿಯನ್ನು ಜೊತೆಗಿರಿಸಿಕೊಳ್ಳಬೇಕು, ಓಡಾಡಲು ಮತ್ತು ತನಗೆ ಒಗ್ಗುವ ಭಂಗಿಯಲ್ಲಿ ಹೆರಲು ಅವಕಾಶವಿರಬೇಕು, ತಾಯಿಯೂ ಕೂಸೂ ಕ್ಷೇಮವಾಗಿರುವಾಗ ಹೆರಿಗೆ ನಿಧಾನವೆಂಬ ಒಂದೇ ಕಾರಣಕ್ಕೆ ಅದನ್ನು ಅವಸರಪಡಿಸಬಾರದು ಎಂದು ಸೂಚಿಸಿದವು. ಭಾರತದಲ್ಲಿಯೂ 2017ರ ಡಿಸೆಂಬರ್‌ನಲ್ಲಿ ಆರಂಭವಾದ ಲಕ್ಷ್ಯ ಕಾರ್ಯಕ್ರಮವು ಹೆರಿಗೆ ಕೋಣೆಗಳ ಗುಣಮಟ್ಟ ಮತ್ತು ಅಲ್ಲಿ ತಾಯಿಗೆ ದೊರೆಯಬೇಕಾದ ಗೌರವವನ್ನು ತನ್ನ ಗುರಿಯಾಗಿಸಿಕೊಂಡಿತು. ನರಸಮ್ಮನವರ ನಿಧನಕ್ಕೆ ಎರಡು ವಾರಗಳ ಮುನ್ನ, 2018ರ ಡಿಸೆಂಬರ್‌ನಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯವು ಪ್ರಸೂತಿ ಸಹಾಯಕಿಯರ ಸೇವೆಯ ಕುರಿತ ಮಾರ್ಗಸೂಚಿಯನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿತು. ನೋಂದಾಯಿತ ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿ ನೀಡಿ, ತೊಡಕಿಲ್ಲದ ಸಹಜ ಹೆರಿಗೆಗಳ ಹೊಣೆಯನ್ನು ಅವರಿಗೆ ಒಪ್ಪಿಸುವುದು ಅದರ ಉದ್ದೇಶ.

ಈ ಹೊಸ ವ್ಯವಸ್ಥೆಯಲ್ಲಿ ಅಕ್ಷರ ಕಲಿಯದ ಹಳ್ಳಿಯ ಸೂಲಗಿತ್ತಿಗೆ ಸ್ಥಾನವಿಲ್ಲ. ರಕ್ತ, ಔಷಧ, ಶಸ್ತ್ರಚಿಕಿತ್ಸೆಗಳು ಕೈಗೆಟಕುವ ದೂರದಲ್ಲಿರಬೇಕಾದ ಕಾರಣ ಹೆರಿಗೆ ಮರಳಿ ಒಳಕೋಣೆಗೆ ಹೋಗುವುದೂ ಸುರಕ್ಷಿತವಲ್ಲ. ಆದರೆ ಸೂಲಗಿತ್ತಿಯರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಮೂರು ಸಂಗತಿಗಳು, ಅಂದರೆ ಪಕ್ಕದಲ್ಲಿ ಒಬ್ಬರಿರುವುದು, ಕಾಯುವ ತಾಳ್ಮೆ ಮತ್ತು ಹೆರುವವಳ ದೇಹಕ್ಕೆ ಒಗ್ಗುವ ಭಂಗಿ, ದುಬಾರಿ ಉಪಕರಣಗಳನ್ನು ಬೇಡುವುದಿಲ್ಲ. ಅವು ಯಾವ ಹೆರಿಗೆ ವಾರ್ಡಿನಲ್ಲಿಯೂ ಸಾಧ್ಯ. ಆಸ್ಪತ್ರೆಯ ಸುರಕ್ಷತೆಯೂ ಸೂಲಗಿತ್ತಿಯ ತಾಳ್ಮೆಯೂ ಒಂದೇ ಕೋಣೆಯಲ್ಲಿ ದೊರೆಯಬೇಕು ಎಂಬ ಬೇಡಿಕೆಯನ್ನು ಮುಂದಿಡುವವರಿಗೆ ನರಸಮ್ಮನವರ ಬದುಕು ಕನ್ನಡನಾಡಿನ ಪ್ರಮುಖ ನಿದರ್ಶನವಾಗಿದೆ.